ಕೊಲೆಗಿಂತ ಮೊದಲು ತಪ್ಪನ್ನು ಕಟ್ಟಿ: ನಿರಪರಾಧಿ ಸಿಕ್ಕಿಬೀಳುವ ಪತ್ತೇದಾರಿ ಕತೆ ಬರೆಯುವ ಬಗೆ

ಪತ್ತೇದಾರಿ ಕತೆ ಬರೆಯಲು ಕೂತವರು ಸಾಮಾನ್ಯವಾಗಿ ಕೊಲೆಯಿಂದ ಶುರು ಮಾಡುತ್ತಾರೆ. ಯಾರು ಸತ್ತರು, ಯಾರು ಕೊಂದರು, ಯಾಕೆ ಕೊಂದರು. ಆಮೇಲೆ ಓದುಗರ ದಾರಿ ತಪ್ಪಿಸಲು ಒಂದಿಬ್ಬರನ್ನು ತಂದು ನಿಲ್ಲಿಸುತ್ತಾರೆ. ಒಬ್ಬ ಸಾಲಗಾರ, ಒಬ್ಬ ಹಳೆಯ ಪ್ರೇಮಿ, ಒಬ್ಬ ಸಿಡುಕು ಮೋರೆಯ ಕೆಲಸದವ. ಇವರು ಕತೆಯಲ್ಲಿ ಇರುವುದೇ ಸುಮ್ನೆ ಅನುಮಾನ ಹೊತ್ತುಕೊಳ್ಳುವುದಕ್ಕೆ. ಎರಡು ಪುಟದಲ್ಲಿ ಓದುಗರಿಗೂ ಅದು ಗೊತ್ತಾಗಿಬಿಡುತ್ತದೆ.

ನನ್ನ ಸಲಹೆ ಬೇರೆ. ಮೊದಲು ತಪ್ಪನ್ನು ಕಟ್ಟಿ. ಏನೂ ಮಾಡದ ಒಬ್ಬ ಮನುಷ್ಯನೇ ಅಪರಾಧಿ ಅಂತ ಎಲ್ಲರೂ ನಂಬಿದ್ದು ಹೇಗೆ? ಪೊಲೀಸರು ನಂಬಿದರು, ಕಣ್ಣಾರೆ ಕಂಡ ಸಾಕ್ಷಿ ನಂಬಿದಳು, ನ್ಯಾಯಾಧೀಶರೂ ನಂಬಿದರು. ಅವರಲ್ಲಿ ಯಾರೂ ದಡ್ಡರಾಗಿರಬೇಕಿಲ್ಲ, ಲಂಚ ತಿಂದಿರಬೇಕಿಲ್ಲ. ಈ ಪ್ರಶ್ನೆಗೆ ಗಟ್ಟಿ ಉತ್ತರ ಸಿಕ್ಕರೆ ಕತೆ ಅರ್ಧ ಮುಗಿಯಿತು. ಉತ್ತರ ಹುಡುಕಲು ಕಲ್ಪನೆಯನ್ನು ಜಾಸ್ತಿ ಹಿಂಡಬೇಕಾಗಿಲ್ಲ. ನ್ಯಾಯ ಎಡವಿದ ನಿಜವಾದ ಪ್ರಕರಣಗಳು ಬೇಕಾದಷ್ಟಿವೆ.

ಹೇಳುವುದಕ್ಕೆ ಸುಲಭವಾಗಲಿ ಅಂತ ಒಂದು ಕತೆ ಇಟ್ಟುಕೊಳ್ಳೋಣ. ಒಂದು ಮುದ್ರಣಾಲಯ. ರಾತ್ರಿ ಹೊತ್ತು ಅಲ್ಲಿ ಲೆಕ್ಕ ಬರೆಯುವವರ ಕೊಲೆಯಾಗುತ್ತದೆ. ಕಾವಲುಗಾರನನ್ನು ಹಿಡಿಯುತ್ತಾರೆ. ಅವನು ಮಾಡಿಲ್ಲ.

1. ಎರಡು ಹಾಳೆ ತೆಗೆದುಕೊಳ್ಳಿ

ಒಂದರಲ್ಲಿ ಆ ರಾತ್ರಿ ನಿಜವಾಗಿ ನಡೆದದ್ದನ್ನು ಗಂಟೆ ಪ್ರಕಾರ ಬರೆಯಿರಿ. ಇನ್ನೊಂದರಲ್ಲಿ ತನಿಖಾಧಿಕಾರಿಗೆ ಯಾವ ವಿಷಯ ಯಾವಾಗ ತಿಳಿಯಿತು ಅಂತ ಬರೆಯಿರಿ. ಹೆಚ್ಚಿನವರು ಮೊದಲ ಹಾಳೆಯನ್ನು ಚೆನ್ನಾಗಿ ತುಂಬಿಸಿ ಎರಡನೆಯದನ್ನು ಬಿಟ್ಟುಬಿಡುತ್ತಾರೆ. ಆದರೆ ತಪ್ಪು ಹುಟ್ಟುವುದು ಎರಡನೆಯದರಲ್ಲಿ, ಮಾಹಿತಿ ಬಂದ ಸರದಿಯಲ್ಲಿ.

ಸಂಬಳದ ವಿಚಾರಕ್ಕೆ ಕಾವಲುಗಾರ ಸತ್ತವರ ಜೊತೆ ಜಗಳವಾಡಿದ್ದ ಅನ್ನುವುದು ಮೊದಲ ಗಂಟೆಯಲ್ಲೇ ಅಧಿಕಾರಿಯ ಕಿವಿಗೆ ಬಿತ್ತು ಅನ್ನಿ. ಅಲ್ಲಿಂದ ಮುಂದೆ ಎಲ್ಲಕ್ಕೂ ಅದೇ ಬಣ್ಣ. ಅವನು ಅತ್ತರೆ ನಾಟಕ, ಅಳದಿದ್ದರೆ ಕಲ್ಲು ಮನಸ್ಸು. ಹಿಂಬಾಗಿಲ ಚಿಲಕ ಮುರಿದಿದ್ದರೆ ಅವನೇ ಮುರಿದು ಕಳ್ಳರ ಮೇಲೆ ಹಾಕುತ್ತಿದ್ದಾನೆ. ಜಗಳದ ಸುದ್ದಿ ಮೂರು ದಿನ ತಡವಾಗಿ ಬಂದಿದ್ದರೆ, ಅದೇ ಅಧಿಕಾರಿ ಅದೇ ಚಿಲಕದ ಮೇಲೆ ಬೇರೆಯವರ ಬೆರಳಚ್ಚು ಹುಡುಕುತ್ತಿದ್ದರು.

ಇದು ತಜ್ಞರನ್ನೂ ಬಿಡುವುದಿಲ್ಲ. 2004ರಲ್ಲಿ ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ರೈಲುಗಳಲ್ಲಿ ಬಾಂಬ್ ಸಿಡಿಯಿತು. ಡಿಟೋನೇಟರ್ ಇದ್ದ ಚೀಲದ ಮೇಲಿನ ಬೆರಳಚ್ಚು ಅಮೆರಿಕದ ಒರೆಗಾನ್ ರಾಜ್ಯದ ಒಬ್ಬ ವಕೀಲರದ್ದು ಅಂತ ಅಲ್ಲಿನ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನ ತಜ್ಞರು ಹೇಳಿದರು. ಹೊಂದುತ್ತಿಲ್ಲ ಅಂತ ಸ್ಪೇನ್ ಪೊಲೀಸರು ತಿಳಿಸಿದ್ದರೂ ಆ ವಕೀಲರನ್ನು ಹಿಡಿದು ಕೂಡಿಹಾಕಿದರು. ಸುಮಾರು ಎರಡು ವಾರದ ಮೇಲೆ ಅದು ಅಲ್ಜೀರಿಯಾದ ಇನ್ನೊಬ್ಬನ ಬೆರಳಚ್ಚು ಅಂತ ತಿಳಿದು ಎಫ್‌ಬಿಐ ಕ್ಷಮೆ ಕೇಳಿತು.

ಆಮೇಲೆ ಇಟಿಯೆಲ್ ಡ್ರೋರ್ ಅನ್ನುವ ಸಂಶೋಧಕ ಮತ್ತು ಅವರ ಸಂಗಡಿಗರು ಒಂದು ಪರೀಕ್ಷೆ ಮಾಡಿದರು. ಅದು 2006ರಲ್ಲಿ ಪ್ರಕಟವಾಯಿತು. ಅನುಭವಿ ಬೆರಳಚ್ಚು ತಜ್ಞರು ಐದು ಮಂದಿ. ಹಿಂದೆ ತಾವೇ ‘ಹೊಂದುತ್ತದೆ’ ಅಂದಿದ್ದ ಜೋಡಿಯನ್ನು, ಅವರಿಗೆ ಗೊತ್ತಾಗದ ಹಾಗೆ, ಮತ್ತೆ ಅವರ ಮುಂದಿಟ್ಟರು. ‘ಇದು ಮ್ಯಾಡ್ರಿಡ್ ಎಡವಟ್ಟಿನ ಗುರುತು’ ಅಂತ ಒಂದು ಮಾತು ಮಾತ್ರ ಸೇರಿಸಿದರು. ಐವರಲ್ಲಿ ನಾಲ್ವರು ತಮ್ಮದೇ ಹಳೆಯ ತೀರ್ಮಾನದಿಂದ ಹಿಂದೆ ಸರಿದರು.

ಕತೆಗಾರರಿಗೆ ಇದಕ್ಕಿಂತ ಒಳ್ಳೆಯ ಸುಳಿವು ಬೇಕಾ? ಅಧಿಕಾರಿ ಕವರು ಕೊಡುತ್ತಾ ಲ್ಯಾಬಿನವರಿಗೆ ‘ಇವನೇ ಮೇಡಂ, ನಿಮ್ಮ ರಿಪೋರ್ಟ್ ಒಂದು ಬಂದರೆ ಮುಗಿಯಿತು’ ಅನ್ನಲಿ. ಓದುಗರು ಅದನ್ನು ಸಾಮಾನ್ಯ ಮಾತು ಅಂತ ದಾಟಿ ಹೋಗುತ್ತಾರೆ. ಇನ್ನೂರು ಪುಟದ ನಂತರ ಆ ಮಾತಿಗೇ ವಾಪಸ್ ಬರಬಹುದು.

2. ಸಾಕ್ಷಿ ಸುಳ್ಳು ಹೇಳಬಾರದು, ತಪ್ಪು ಹೇಳಬೇಕು

ಸುಳ್ಳು ಸಾಕ್ಷಿ ಹಳೆಯ ಸರಕು. ಹಣ ತೆಗೆದುಕೊಂಡ, ಹೆದರಿದ, ಹೇಳಿದ. ಅದರಲ್ಲಿ ಹುಡುಕುವುದಕ್ಕೆ ಏನಿದೆ? ಪ್ರಾಮಾಣಿಕವಾಗಿ, ಕಣ್ಣೀರು ಹಾಕುತ್ತಾ, ಪೂರ್ತಿ ನಂಬಿಕೆಯಿಂದ ತಪ್ಪು ಮನುಷ್ಯನ ಕಡೆ ಕೈ ತೋರಿಸುವ ಸಾಕ್ಷಿ ನಿಜಕ್ಕೂ ಭಯ ಹುಟ್ಟಿಸುತ್ತಾಳೆ. ಬ್ಯಾರಿ ಶೆಕ್ ಮತ್ತು ಪೀಟರ್ ನ್ಯೂಫೆಲ್ಡ್ ಎಂಬ ವಕೀಲರು 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಇನೊಸೆನ್ಸ್ ಪ್ರಾಜೆಕ್ಟ್ ಶುರು ಮಾಡಿದರು. ಡಿಎನ್‌ಎ ಪರೀಕ್ಷೆಯ ಬಲದಿಂದ ಜೈಲಿನಲ್ಲಿರುವ ನಿರಪರಾಧಿಗಳನ್ನು ಬಿಡಿಸುವುದು ಅದರ ಕೆಲಸ. ಅಮೆರಿಕದಲ್ಲಿ ಹೀಗೆ ಡಿಎನ್‌ಎಯಿಂದ ಬಿಡುಗಡೆಯಾದ ಪ್ರಕರಣಗಳಲ್ಲಿ ಹತ್ತಕ್ಕೆ ಸುಮಾರು ಏಳರಲ್ಲಿ ಕಣ್ಣಾರೆ ಕಂಡವರು ತಪ್ಪಾಗಿ ಗುರುತಿಸಿದ್ದರು.

ನೆನಪು ಹೇಗೆ ಬಾಗುತ್ತದೆ ಅನ್ನುವುದಕ್ಕೆ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಮಾಡಿದ ಪ್ರಯೋಗವನ್ನು ನೋಡಿ. ಕಾರು ಅಪಘಾತದ ಒಂದೇ ದೃಶ್ಯ ತೋರಿಸಿದರು. ಕೆಲವರಿಗೆ ‘ಕಾರುಗಳು ತಾಗಿದಾಗ ಎಷ್ಟು ವೇಗದಲ್ಲಿದ್ದವು’ ಅನ್ನುವ ರೀತಿಯಲ್ಲಿ ಕೇಳಿದರು. ಇನ್ನು ಕೆಲವರಿಗೆ ‘ಗುದ್ದಿ ಜಜ್ಜಿಹೋದಾಗ’ ಅನ್ನುವಂಥ ಜೋರಾದ ಮಾತು ಬಳಸಿ ಕೇಳಿದರು. ಜೋರಾದ ಮಾತು ಕೇಳಿದವರು ವೇಗವನ್ನೂ ಜಾಸ್ತಿ ಹೇಳಿದರು. ಒಂದು ವಾರ ಬಿಟ್ಟು ‘ಒಡೆದ ಗಾಜು ಕಂಡಿತಾ’ ಅಂತ ಕೇಳಿದಾಗ, ಅವರಲ್ಲಿ ಕಂಡಿತು ಅಂದವರು ಇತರರಿಗಿಂತ ಎರಡು ಪಟ್ಟಿಗೂ ಹೆಚ್ಚು. ಆ ದೃಶ್ಯದಲ್ಲಿ ಒಡೆದ ಗಾಜೇ ಇರಲಿಲ್ಲ.

ಈಗ ನಮ್ಮ ಮುದ್ರಣಾಲಯಕ್ಕೆ ಬನ್ನಿ. ಎದುರು ಮನೆಯ ಮಹಿಳೆ ಒಬ್ಬ ಮನುಷ್ಯ ಓಡಿದ್ದನ್ನು ನೋಡಿದ್ದಾರೆ. ಮೊದಲ ದಿನ ‘ಕತ್ತಲಿತ್ತು, ಎತ್ತರದವರು ಅನ್ನಿಸಿತು’ ಅನ್ನುತ್ತಾರೆ. ಪೇದೆ ಕೇಳುತ್ತಾನೆ: ‘ಟೋಪಿ ಹಾಕಿದ್ದನಾ?’ ಅವರು ಯೋಚಿಸಿ ‘ಹಾಕಿದ್ದ ಅನ್ನಿಸುತ್ತೆ’ ಅನ್ನುತ್ತಾರೆ. ಟೋಪಿ ಹುಟ್ಟಿದ್ದು ಪೇದೆಯ ಬಾಯಲ್ಲಿ. ಆಮೇಲೆ ಗುರುತು ಪತ್ತೆ ಪರೇಡ್. ಸಾಲಿನಲ್ಲಿ ಕಾವಲುಗಾರನೊಬ್ಬನೇ ಎತ್ತರ, ಉಳಿದವರು ಕುಳ್ಳರು. ಅಳುಕುತ್ತಾ ಅವನ ಕಡೆ ತೋರಿಸುತ್ತಾರೆ. ‘ಸರಿಯಾಗಿ ಹೇಳಿದಿರಿ ಅಮ್ಮ’ ಅಂತ ಅಧಿಕಾರಿ ಅನ್ನುತ್ತಾರೆ. ಅಷ್ಟೇ. ಇಂಥ ಒಂದು ಶಹಭಾಸ್‌ಗಿರಿ ಸಿಕ್ಕರೆ ಸಾಕ್ಷಿಯ ಧೈರ್ಯ ಹೆಚ್ಚುತ್ತದೆ, ‘ನಾನು ಚೆನ್ನಾಗಿಯೇ ನೋಡಿದ್ದೆ’ ಅಂತ ಅವರಿಗೇ ಅನ್ನಿಸತೊಡಗುತ್ತದೆ. ಮನಶ್ಶಾಸ್ತ್ರಜ್ಞ ಗ್ಯಾರಿ ವೆಲ್ಸ್ ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ. ಪಾಟೀ ಸವಾಲಿನ ಹೊತ್ತಿಗೆ ಆ ಮಹಿಳೆಯನ್ನು ಯಾವ ವಕೀಲರೂ ಅಲುಗಾಡಿಸಲಾರರು.

ಈ ಮೂರು ಮೆಟ್ಟಿಲನ್ನು ಬೇರೆ ಬೇರೆ ಅಧ್ಯಾಯಗಳಲ್ಲಿ ಇಡಿ. ಒಟ್ಟಿಗೆ ಇಟ್ಟರೆ ಗುಟ್ಟು ರಟ್ಟಾಗುತ್ತದೆ. ಮತ್ತೆ, ಪೇದೆಯ ಟೋಪಿ ಮಾತನ್ನು ತಮಾಷೆಯ ಸನ್ನಿವೇಶದಲ್ಲಿ ಹುದುಗಿಸಿ. ನಗುವಾಗ ಓದುಗರು ಸುಳಿವು ಹುಡುಕುವುದಿಲ್ಲ.

3. ತಪ್ಪೊಪ್ಪಿಗೆ: ಮಾಡದವನು ‘ನಾನೇ ಮಾಡಿದೆ’ ಅನ್ನುವುದು

ಓದುಗರಿಗೆ ನಂಬಲು ಕಷ್ಟವಾಗುವ ಜಾಗ ಇದು. ಹೊಡೆತ ಬೀಳದೆ ಯಾರಾದರೂ ಮಾಡದ ಕೊಲೆ ಒಪ್ಪಿಕೊಳ್ಳುತ್ತಾರಾ? ಒಪ್ಪಿಕೊಂಡಿದ್ದಾರೆ.

1983 ಮತ್ತು 1986ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿ ಇಬ್ಬರು ಹದಿಹರೆಯದ ಹುಡುಗಿಯರ ಕೊಲೆಯಾಯಿತು. 17 ವರ್ಷದ ಒಬ್ಬ ಹುಡುಗ ಎರಡನೆಯ ಕೊಲೆಯನ್ನು ಒಪ್ಪಿಕೊಂಡ. ಮೊದಲನೆಯದೂ ಇವನದೇ ಅಂತ ಸಾಬೀತು ಮಾಡಬೇಕು ಅಂತ ಪೊಲೀಸರು ವಿಜ್ಞಾನಿ ಅಲೆಕ್ ಜೆಫ್ರೀಸ್ ಹತ್ತಿರ ಹೋದರು. ಡಿಎನ್‌ಎ ಬೆರಳಚ್ಚು ವಿಧಾನವನ್ನು ಜೆಫ್ರೀಸ್ 1984ರಲ್ಲಿ ಕಂಡುಹಿಡಿದಿದ್ದರು. ಫಲಿತಾಂಶ ಉಲ್ಟಾ ಬಂತು. ಎರಡೂ ಕೊಲೆ ಒಬ್ಬನದೇ, ಆದರೆ ಈ ಹುಡುಗನದಲ್ಲ. ಕೊಲೆ ತನಿಖೆಯಲ್ಲಿ ಡಿಎನ್‌ಎ ಮೊದಲು ಮಾಡಿದ ಕೆಲಸ ಒಬ್ಬ ನಿರಪರಾಧಿಯನ್ನು ಬಿಡಿಸಿದ್ದು. ಆಮೇಲೆ ಸಾವಿರಾರು ಗಂಡಸರ ರಕ್ತ ಪರೀಕ್ಷೆ ನಡೆಯಿತು. ನಿಜವಾದ ಕೊಲೆಗಾರ ತನ್ನ ಬದಲು ಜೊತೆ ಕೆಲಸಗಾರನನ್ನು ಕಳಿಸಿ ತಪ್ಪಿಸಿಕೊಂಡಿದ್ದ. ಆ ಕೆಲಸಗಾರ ಪಬ್‌ನಲ್ಲಿ ಬಾಯಿಬಿಟ್ಟ ಮೇಲೆ ಕೊಲೆಗಾರ ಸಿಕ್ಕಿಬಿದ್ದ. 1988ರಲ್ಲಿ ಜೀವಾವಧಿ ಶಿಕ್ಷೆಯಾಯಿತು.

ಕೊಲೆಯಲ್ಲದ ಪ್ರಕರಣಗಳಲ್ಲೂ ಹೀಗಾಗಿದೆ. 1989ರ ನ್ಯೂಯಾರ್ಕ್ ಸೆಂಟ್ರಲ್ ಪಾರ್ಕ್ ಅತ್ಯಾಚಾರ ಪ್ರಕರಣದಲ್ಲಿ 14ರಿಂದ 16 ವರ್ಷದ ಐವರು ಹುಡುಗರಿಗೆ ಶಿಕ್ಷೆಯಾಯಿತು. ಗಂಟೆಗಟ್ಟಲೆ ವಿಚಾರಣೆಯ ನಂತರ ಅವರು ಕೊಟ್ಟ ಹೇಳಿಕೆಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಆದರೂ ನಡೆಯಿತು. 2002ರಲ್ಲಿ ಬೇರೊಬ್ಬ ಕೈದಿ ಒಪ್ಪಿಕೊಂಡ, ಅವನ ಡಿಎನ್‌ಎ ಹೊಂದಿತು, ಐವರ ಶಿಕ್ಷೆಯೂ ರದ್ದಾಯಿತು.

ಸುಳ್ಳು ಒಪ್ಪಿಗೆಯ ದೃಶ್ಯ ಬರೆಯುವಾಗ ಲಾಠಿ ಬದಿಗಿಡಿ. ನಿದ್ದೆಗೆಟ್ಟ ಮನುಷ್ಯ, ಮುಚ್ಚಿದ ಕೋಣೆ. ‘ಸಹಿ ಹಾಕು, ಮನೆಗೆ ಹೋಗು’ ಅನ್ನುವ ಮೆತ್ತನೆಯ ಮಾತು. ‘ನಿನ್ನ ಹೆಂಡತಿಯನ್ನೂ ಕರೆಸಬೇಕಾಗುತ್ತೆ ನೋಡು’ ಅನ್ನುವ ಇನ್ನೊಂದು ಮಾತು. ಅವನ ಲೆಕ್ಕದಲ್ಲಿ ನಾಳೆ ಕೋರ್ಟು ಇಲ್ಲ, ಈ ಕೋಣೆಯ ಬಾಗಿಲು ಮಾತ್ರ ಇದೆ. ‘ನಾನು ಮಾಡಿಲ್ಲವಲ್ಲ, ಆಮೇಲೆ ಸತ್ಯ ಗೊತ್ತಾಗೇ ಆಗುತ್ತೆ’ ಅಂತ ನಂಬಿ ಸಹಿ ಹಾಕುವವರೂ ಇದ್ದಾರೆ.

ಇಲ್ಲಿ ಸುಳಿವು ಎಲ್ಲಿ ಇಡಬೇಕು? ‘ಕೊಲೆಗಾರನಿಗೆ ಮಾತ್ರ ಗೊತ್ತಿರುವ ವಿವರ’ದಲ್ಲಿ. ಸತ್ತವರ ಗಡಿಯಾರ ಎಡಗೈಯಲ್ಲಿತ್ತು ಅಂತ ಕಾವಲುಗಾರ ಹೇಳಿದ್ದಾನೆ. ಪೊಲೀಸರಿಗೆ ಅದು ದೊಡ್ಡ ಆಧಾರ. ನಿಮ್ಮ ವಕೀಲೆ ಹಳೆಯ ಕಾಗದ ತಿರುವಿ ಹಾಕುವಾಗ ಗಡಿಯಾರವನ್ನು ಶವಾಗಾರದಲ್ಲಿ ತೆಗೆದು ಮತ್ತೆ ಕಟ್ಟಿದವರು ಕೈ ಬದಲಿಸಿದ್ದರು ಅಂತ ತಿಳಿಯುತ್ತದೆ. ಅಂದರೆ ಕಾವಲುಗಾರ ಹೇಳಿದ್ದು ಕೊಲೆಯ ಜಾಗವನ್ನು ಕಂಡಲ್ಲ, ಪೊಲೀಸರ ಫೋಟೋ ಕಂಡು.

4. ಲ್ಯಾಬಿನ ವಿಷಯದಲ್ಲಿ ಕೈ ಬಿಗಿ ಹಿಡಿಯಿರಿ

ಒಂದು ಕತೆಗೆ ಒಂದು ವೈಜ್ಞಾನಿಕ ತಿರುವು ಸಾಕು. ಕೆಲವು ಸಾಮಾನ್ಯ ಎಡವಟ್ಟುಗಳನ್ನು ಮೊದಲೇ ತೆಗೆದುಹಾಕಿ. ಸಾವಿನ ಸಮಯವನ್ನು ಯಾವ ವೈದ್ಯರೂ ‘11 ಗಂಟೆ 20 ನಿಮಿಷ’ ಅಂತ ಹೇಳಲಾರರು. ಕೆಲವು ಗಂಟೆಗಳ ಅಂದಾಜು ಕೊಡುತ್ತಾರೆ, ಅಷ್ಟೇ. ಹೆಣ ಸೆಟೆದುಕೊಳ್ಳುವುದು ಬಿಸಿಲ ಜಾಗದಲ್ಲಿ ಬೇಗ, ಚಳಿಯಲ್ಲಿ ನಿಧಾನ. ಕರವಸ್ತ್ರಕ್ಕೆ ಕ್ಲೋರೋಫಾರ್ಮ್ ಸುರಿದು ಮೂಗಿಗೆ ಹಿಡಿದ ಕ್ಷಣ ಯಾರೂ ಬೀಳುವುದಿಲ್ಲ. ರಕ್ತದ ಕಲೆ ಹುಡುಕಲು ಸಿಂಪಡಿಸುವ ಲ್ಯೂಮಿನಾಲ್ ರಕ್ತಕ್ಕೆ ಮಾತ್ರ ಹೊಳೆಯುವುದಿಲ್ಲ, ಬ್ಲೀಚಿಗೂ ಹೊಳೆಯುತ್ತದೆ.

ಡಿಎನ್‌ಎ ಬಂತು ಅಂದರೆ ಕತೆ ಮುಗಿಯಿತು ಅನ್ನುವವರು ಜರ್ಮನಿಯ ಹೈಲ್‌ಬ್ರಾನ್ ಪ್ರಕರಣ ಓದಬೇಕು. ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್ ಸೇರಿ ಸುಮಾರು 40 ಅಪರಾಧಗಳ ಜಾಗದಲ್ಲಿ ಒಬ್ಬಳೇ ಹೆಂಗಸಿನ ಡಿಎನ್‌ಎ ಸಿಗುತ್ತಿತ್ತು. ವರ್ಷಗಟ್ಟಲೆ ಹುಡುಕಿದರು. 2009ರಲ್ಲಿ ಗೊತ್ತಾಯಿತು: ಅದು ಮಾದರಿ ತೆಗೆಯುವ ಹತ್ತಿಕಡ್ಡಿ ತಯಾರಿಸುವ ಕಡೆ ಕೆಲಸ ಮಾಡುತ್ತಿದ್ದವಳದ್ದು. ಇದನ್ನು ಯಾರಾದರೂ ಕಾದಂಬರಿಯಲ್ಲಿ ಬರೆದಿದ್ದರೆ ಸಂಪಾದಕರು ‘ನಂಬೋಕಾಗಲ್ಲ’ ಅಂತ ವಾಪಸ್ ಕಳಿಸುತ್ತಿದ್ದರೇನೋ.

ಅಂಕಿಯೂ ಮೋಸ ಮಾಡುತ್ತದೆ. 1999ರಲ್ಲಿ ಇಂಗ್ಲೆಂಡಿನಲ್ಲಿ ಇಬ್ಬರು ಕೂಸುಗಳನ್ನು ಕಳೆದುಕೊಂಡ ತಾಯಿಗೆ ಕೊಲೆ ಆರೋಪದ ಮೇಲೆ ಶಿಕ್ಷೆಯಾಯಿತು. ಒಂದೇ ಮನೆಯಲ್ಲಿ ಎರಡು ಸಹಜ ಸಾವು ಆಗುವ ಸಾಧ್ಯತೆ 7.3 ಕೋಟಿಗೆ ಒಂದು ಅಂತ ಒಬ್ಬ ತಜ್ಞರು ಹೇಳಿದ್ದರು. ಸುಮಾರು 8,500ಕ್ಕೆ ಒಂದು ಅನ್ನುವ ಸಂಖ್ಯೆಯನ್ನು ಅದರಿಂದಲೇ ಗುಣಿಸಿ ತಂದ ಲೆಕ್ಕ ಅದು. ಎರಡು ಮಕ್ಕಳದೂ ಒಂದೇ ರಕ್ತ, ಒಂದೇ ಮನೆ ಅನ್ನುವುದನ್ನು ಆ ಗುಣಾಕಾರ ಮರೆತಿತ್ತು. 2001ರಲ್ಲಿ ಬ್ರಿಟನ್ನಿನ ರಾಯಲ್ ಸ್ಟಾಟಿಸ್ಟಿಕಲ್ ಸೊಸೈಟಿ ಅದು ತಪ್ಪು ಅಂತ ಬಹಿರಂಗವಾಗಿ ಹೇಳಿತು. ಮಗುವಿನ ಒಂದು ಲ್ಯಾಬ್ ವರದಿಯನ್ನು ಪ್ರತಿವಾದಿಗಳಿಗೆ ಕೊಟ್ಟೇ ಇರಲಿಲ್ಲ ಅನ್ನುವುದೂ ಹೊರಬಂದು 2003ರಲ್ಲಿ ಶಿಕ್ಷೆ ರದ್ದಾಯಿತು.

5. ಯಾವ ದೇಶದ ಕೋರ್ಟು ಅಂತ ತೀರ್ಮಾನಿಸಿ

ಎಷ್ಟೋ ಕತೆಗಳು ಇಲ್ಲೇ ಜಾರುತ್ತವೆ. ಹೆಸರು ನಮ್ಮವು, ಕಾನೂನು ಹಾಲಿವುಡ್‌ನದ್ದು. ಕತೆ ಭಾರತದಲ್ಲಿ ನಡೆಯುವುದಾದರೆ ಜ್ಯೂರಿ ಬೇಡ. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲೇ ಅದಕ್ಕೆ ಜಾಗ ಇರಲಿಲ್ಲ. ನ್ಯಾಯಾಧೀಶರ ಕೈಗೆ ಮರದ ಸುತ್ತಿಗೆಯನ್ನೂ ಕೊಡಬೇಡಿ.

ಇಲ್ಲಿನ ಕಾನೂನೇ ಕತೆಗಾರರಿಗೆ ಒಳ್ಳೊಳ್ಳೆ ಗಂಟುಗಳನ್ನು ಕೊಡುತ್ತದೆ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್‌ನಲ್ಲಿ ಇದ್ದದ್ದು ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್‌ನಲ್ಲಿದೆ. ಆದರೆ ಒಂದು ಕಿಂಡಿ ಇದೆ. ಬಂಧನದಲ್ಲಿರುವ ಆರೋಪಿಯ ಮಾತಿನಿಂದ ಹೊಸ ವಸ್ತು ಸಿಕ್ಕರೆ, ಆ ಸಿಕ್ಕದ್ದಕ್ಕೆ ಸಂಬಂಧಪಟ್ಟಷ್ಟು ಮಾತನ್ನು ಬಳಸಬಹುದು. ‘ಚಾಕು ಎಲ್ಲಿ ಎಸೆದೆ ತೋರಿಸುತ್ತೇನೆ’ ಅಂದ, ಪಂಚರನ್ನು, ಅಂದರೆ ಜಪ್ತಿಗೆ ಸಾಕ್ಷಿಯಾಗಿ ನಿಲ್ಲುವವರನ್ನು, ಕರೆದುಕೊಂಡು ಹೋದರು, ಸಿಕ್ಕಿತು, ಮಹಜರು ಬರೆದರು. ಹಾಗಾದರೆ ಆ ಚಾಕು ಪೊಲೀಸರಿಗೆ ಮೊದಲೇ ಸಿಕ್ಕಿತ್ತಾ? ಪಂಚರು ನಿಜವಾಗಿ ಹೋಗಿದ್ದರಾ, ಅಥವಾ ಠಾಣೆಯಲ್ಲೇ ಕೂತು ಸಹಿ ಹಾಕಿದರಾ? ಒಂದು ಕಾದಂಬರಿಯನ್ನೇ ಈ ಎರಡು ಪ್ರಶ್ನೆಯ ಮೇಲೆ ನಿಲ್ಲಿಸಬಹುದು.

ಕತೆಯ ವರ್ಷವನ್ನೂ ನೋಡಿಕೊಳ್ಳಿ. 2024ರ ಜುಲೈ 1ರಿಂದ ಹೊಸ ಕಾನೂನುಗಳು ಬಂದಿವೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಜಪ್ತಿ ಮಾಡುವಾಗ ವಿಡಿಯೋ ತೆಗೆಯಬೇಕು. ಅದರ ನಂತರದ ಕತೆಯಲ್ಲಿ ವಿಡಿಯೋ ಇಲ್ಲದಿದ್ದರೆ, ಯಾಕಿಲ್ಲ ಅನ್ನುವುದೇ ಒಂದು ಸುಳಿವು. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ತರಬೇಕು. ಕೊಲೆ ಪ್ರಕರಣದಲ್ಲಿ 90 ದಿನದೊಳಗೆ ಚಾರ್ಜ್‌ಶೀಟ್ ಹಾಕದಿದ್ದರೆ ಜಾಮೀನು ಕೇಳುವ ಹಕ್ಕು ಬರುತ್ತದೆ. 89ನೇ ದಿನ ಆತುರದಲ್ಲಿ ಹಾಕಿದ ಚಾರ್ಜ್‌ಶೀಟ್‌ನಲ್ಲಿ ಏನೇನು ಬಿಟ್ಟುಹೋಗಿರಬಹುದು ಯೋಚಿಸಿ. ಮಂಪರು ಪರೀಕ್ಷೆ ಮಾಡಿಸಿ ಕತೆ ಮುಗಿಸುವವರಿಗೆ ಒಂದು ಮಾತು: ಒಪ್ಪಿಗೆ ಇಲ್ಲದೆ ಅದನ್ನು ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಸೆಲ್ವಿ ಪ್ರಕರಣದಲ್ಲಿ ಹೇಳಿದೆ.

ಇನ್ನೊಂದು ವಿಷಯ. ಭಾರತದ ಜೈಲುಗಳಲ್ಲಿ ಸುಮಾರು ನಾಲ್ವರಲ್ಲಿ ಮೂವರು ವಿಚಾರಣಾಧೀನ ಕೈದಿಗಳು. ಅಂದರೆ ನಿಮ್ಮ ಕಾವಲುಗಾರ ವರ್ಷಗಟ್ಟಲೆ ಒಳಗಿರಲು ಶಿಕ್ಷೆಯೇ ಆಗಬೇಕಾಗಿಲ್ಲ. ಜಾಮೀನು ನಿಲ್ಲುವವರು ಸಿಗದಿದ್ದರೆ ಸಾಕು.

6. ಗಂಟು ಬಿಚ್ಚುವವರು ಯಾರು?

ಚಾರ್ಜ್‌ಶೀಟ್ ಹಾಕಿ ಮುಗಿಸಿದ ಪ್ರಕರಣವನ್ನು ಅದೇ ಠಾಣೆಯವರು ತಾವಾಗಿ ಕೆದಕುವುದು ಅಪರೂಪ. ಹೊರಗಿನವರು ಬೇಕು. ಉಚಿತ ಕಾನೂನು ನೆರವಿನ ವಕೀಲೆ, ಪತ್ರಕರ್ತ, ಕೋರ್ಟಿನ ಟೈಪಿಸ್ಟ್, ಕೈದಿಯ ಅಕ್ಕ. ಇವರಿಗೆ ಅಧಿಕಾರವಿಲ್ಲ, ಕಾಗದ ಸುಲಭವಾಗಿ ಸಿಗುವುದಿಲ್ಲ. ಕತೆಗೆ ಎಳೆತ ಬರುವುದೇ ಅದರಿಂದ.

ಪತ್ತೇದಾರಿ ಕತೆಗಾರರೇ ಈ ಕೆಲಸಕ್ಕೆ ಇಳಿದದ್ದೂ ಉಂಟು. 1903ರಲ್ಲಿ ಇಂಗ್ಲೆಂಡಿನಲ್ಲಿ ಜಾರ್ಜ್ ಎಡಲ್ಜಿ ಎಂಬ ಭಾರತೀಯ ಮೂಲದ ವಕೀಲರಿಗೆ, ರಾತ್ರಿ ಹೊಲದಲ್ಲಿ ಕುದುರೆಯನ್ನು ಇರಿದ ಆರೋಪದ ಮೇಲೆ ಶಿಕ್ಷೆಯಾಯಿತು. ಷರ್ಲಾಕ್ ಹೋಮ್ಸ್ ಕತೆಗಳನ್ನು ಬರೆದ ಆರ್ಥರ್ ಕಾನನ್ ಡಾಯಲ್, ಎಡಲ್ಜಿಯವರನ್ನು ಭೇಟಿಯಾಗಲು ಹೋದರು. ಎಡಲ್ಜಿ ಪತ್ರಿಕೆಯನ್ನು ಕಣ್ಣಿಗೆ ತೀರಾ ಹತ್ತಿರ ಹಿಡಿದು ಓದುತ್ತಿದ್ದರು. ಕಣ್ಣಿನ ವೈದ್ಯರೂ ಆಗಿದ್ದ ಡಾಯಲ್‌ಗೆ ಅಲ್ಲೇ ಹೊಳೆಯಿತು: ಇಷ್ಟು ಮಂದ ದೃಷ್ಟಿಯವರು ಕತ್ತಲಲ್ಲಿ ಹೊಲ ದಾಟಿ ಹೋಗುವುದು ಹೇಗೆ? 1907ರಲ್ಲಿ ಎಡಲ್ಜಿಗೆ ಕ್ಷಮಾದಾನ ಸಿಕ್ಕಿತು. ಪರಿಹಾರ ಸಿಗಲಿಲ್ಲ. ಅದೇ ವರ್ಷ ಇಂಗ್ಲೆಂಡಿನಲ್ಲಿ ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯಕ್ಕೆ ಕಾನೂನು ಬಂತು. ಆ ಬೇಡಿಕೆಗೆ ಬಲ ಕೊಟ್ಟ ಪ್ರಕರಣಗಳಲ್ಲಿ ಇದೂ ಒಂದು.

ಇಂಥ ಸುಳಿವು ಓದುಗರ ಕಣ್ಣೆದುರೇ ಇರುತ್ತದೆ, ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ನಿಮ್ಮ ಕಾವಲುಗಾರನಿಗೂ ಮೊದಲ ಅಧ್ಯಾಯದಲ್ಲೇ ಒಂದು ದೈಹಿಕ ವಿವರ ಕೊಡಿ. ಒಂದು ಭುಜ ಎತ್ತಲು ಬರುವುದಿಲ್ಲ ಅನ್ನಿ. ಅದನ್ನು ಅವನ ಸೋಮಾರಿತನ ಅಂತ ಬೇರೆ ಪಾತ್ರಗಳು ಬೈಯಲಿ.

ಬಿಡುಗಡೆಯ ದೃಶ್ಯವನ್ನು ಚಿಕ್ಕದಾಗಿ ಮುಗಿಸಿ. ಹೂವಿನ ಹಾರ, ಕ್ಯಾಮೆರಾ ಎಲ್ಲ ಒಂದೇ ಸಾಲು. ಸಾಕ್ಷಿ ಹೇಳಿದ ಆ ಮಹಿಳೆಗೆ ಮಾತ್ರ ಒಂದಿಷ್ಟು ಪುಟ ಕೊಡಿ. ತನ್ನ ಕಣ್ಣನ್ನೇ ನಂಬಲಾಗದ ಸ್ಥಿತಿಯಲ್ಲಿರುವವರು ಅವರು.

7. ನಿಜವಾದ ಪ್ರಕರಣದಿಂದ ಎತ್ತಿಕೊಳ್ಳುವಾಗ

ಹೆಸರು, ಊರು ಬದಲಿಸಿದರೆ ಆಯಿತು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಸಾಲದು. ಉದ್ಯೋಗ, ವಯಸ್ಸು, ಕೊಲೆಯ ರೀತಿ ಮೂರೂ ಹಾಗೇ ಇದ್ದರೆ ಸುದ್ದಿ ಓದಿದವರೆಲ್ಲ ಗುರುತು ಹಿಡಿಯುತ್ತಾರೆ. ತಪ್ಪು ನಡೆದ ರೀತಿಯನ್ನು ಮಾತ್ರ ತೆಗೆದುಕೊಳ್ಳಿ, ಮನುಷ್ಯರನ್ನು ಅಲ್ಲೇ ಬಿಡಿ. ಪರೇಡ್‌ನಲ್ಲಿ ಒಬ್ಬನೇ ಎತ್ತರದವನು ಇದ್ದದ್ದು ಯಾರ ಸ್ವತ್ತೂ ಅಲ್ಲ. ಸತ್ತವರ ಮಗಳು ಆಸ್ಪತ್ರೆಯಲ್ಲಿ ಆಡಿದ ಮಾತು ಅವಳ ಸ್ವತ್ತು.

ಭಾರತದಲ್ಲಿ ಅತ್ಯಾಚಾರ ಸಂತ್ರಸ್ತೆಯ ಗುರುತು ಹೊರಹಾಕುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಅಪರಾಧ. ಎರಡು ವರ್ಷದವರೆಗೆ ಶಿಕ್ಷೆ ಇದೆ. ಸತ್ತವರ ಬಗ್ಗೆ ಬರೆದರೆ ಮಾನಹಾನಿ ಆಗುವುದಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ಮನೆಯವರ ಮನಸ್ಸು ನೋಯಿಸುವ ಉದ್ದೇಶವಿದ್ದರೆ ಅದೂ ಆ ಕಾನೂನಿನೊಳಗೇ ಬರುತ್ತದೆ. ವಿಚಾರಣೆ ಇನ್ನೂ ನಡೆಯುತ್ತಿರುವ ಪ್ರಕರಣವಾದರೆ ತೀರ್ಪು ಬರುವ ತನಕ ಟಿಪ್ಪಣಿ ಮಾಡಿಟ್ಟುಕೊಂಡು ಸುಮ್ಮನಿರಿ. ಅಷ್ಟರಲ್ಲಿ ಹತ್ತಿರದ ಸೆಷನ್ಸ್ ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರಬಹುದು. ವಿಚಾರಣೆ ಸಾಮಾನ್ಯವಾಗಿ ಎಲ್ಲರಿಗೂ ತೆರೆದೇ ಇರುತ್ತದೆ. ಪಾಟೀ ಸವಾಲು ಕೇಳುತ್ತಾ ಕೂತರೆ ಸಂಭಾಷಣೆ ಬರೆಯುವ ಅರ್ಧ ಕಷ್ಟ ಅಲ್ಲೇ ಕಳೆಯುತ್ತದೆ.